ರೈಟ್ ಅನ್ನದೆ ಹೊರಡದ ಬಸ್ಸು

ನನ್ನ ಇಪ್ಪತ್ತೆರಡು ವರ್ಷದ ಕಂಡಕ್ಟರ್ ಕೆಲಸದಲ್ಲಿ ನನಗೆ ‘ಸೂಪರ್’ ಎಂದವಳು ಒಬ್ಬಳೇ ಒಬ್ಬಳು. ಅವಳು ನನ್ನ ಫೋನಿನೊಳಗೆ ಇದ್ದಾಳೆ. ಒಂದೇ ಬಣ್ಣದ ಮೂರು ಹಣ್ಣುಗಳನ್ನು ಸಾಲಾಗಿ ನಿಲ್ಲಿಸಿದರೆ ಅವು ಪಟ್ಟನೆ ಒಡೆಯುತ್ತವೆ, ಅವಳು ಸೂಪರ್ ಎನ್ನುತ್ತಾಳೆ. ನಾಲ್ಕು ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಮಾತು ಹೇಳುತ್ತಾಳೆ. ಬಸ್ಸಿನಲ್ಲಿ ನಾನು ಐವತ್ತು ಜನರ ಜಾಗದಲ್ಲಿ ನೂರು ಜನರನ್ನು ಸಾಲಾಗಿ ನಿಲ್ಲಿಸುತ್ತೇನೆ. ಯಾರೂ ಸೂಪರ್ ಎನ್ನುವುದಿಲ್ಲ. “ಏನ್ ಕುರಿ ತುಂಬ್ದಂಗೆ ತುಂಬ್ತೀಯಪ್ಪ” ಎನ್ನುತ್ತಾರೆ.

ಹಾಗಂತ ನಾನು ಆಟದ ಹುಚ್ಚನಲ್ಲ. ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಒಂದು ಟ್ರಿಪ್ಪಿಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ನಿಮಿಷ ಸಿಗುತ್ತದೆ. ಒಂದು ಟೀ, ಎರಡು ಆಟ. ಬರೀ ಟೈಂಪಾಸು. ಹುರಿಗಡಲೆ ತಿಂದ ಹಾಗೆ; ಹೊಟ್ಟೆ ತುಂಬುವುದಿಲ್ಲ, ಕೈ ನಿಲ್ಲುವುದಿಲ್ಲ. ಬಸ್ಸಿನ ಟೈಮಾಯಿತು ಅಂದರೆ ಅರ್ಧಕ್ಕೆ ಬಿಟ್ಟು ಏಳಬಹುದು, ಹಣ್ಣುಗಳು ಬೇಜಾರು ಮಾಡಿಕೊಳ್ಳುವುದಿಲ್ಲ. ಮನೆಯ ಸಮಸ್ಯೆಗಳು ಹಾಗಲ್ಲ, ಎಲ್ಲಿ ಬಿಟ್ಟಿರುತ್ತೇವೋ ಅಲ್ಲೇ ಕೂತು ನಮ್ಮನ್ನು ಕಾಯುತ್ತಿರುತ್ತವೆ. ಈ ಟೈಂಪಾಸಿನಲ್ಲೇ ನಾನು ಎರಡು ಸಾವಿರಕ್ಕೂ ಹೆಚ್ಚು ಲೆವೆಲ್ ದಾಟಿದ್ದೇನೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ. ನಾಗಮಂಗಲದಲ್ಲಿ ತಂಗಿಯ ಮಗಳ ಮದುವೆ ನಡೆದಾಗ ಧಾರೆಯ ಹೊತ್ತಿನಲ್ಲಿ ಕಂಬದ ಮರೆಯಲ್ಲಿ ನಿಂತು ಹಣ್ಣು ಒಡೆಯುತ್ತಿದ್ದೆ. ಹೆಂಡತಿ ಹಿಂದಿನಿಂದ ಬಂದು ಚಿವುಟಿದ ಗುರುತು ಒಂದು ವಾರ ಇತ್ತು.

ನಮ್ಮ ಡ್ರೈವರಣ್ಣನಿಗೆ ಫೋನ್ ಕಂಡರೆ ಆಗುತ್ತಿರಲಿಲ್ಲ. ಹದಿಮೂರು ವರ್ಷ ಅವರದೂ ನನ್ನದೂ ಒಂದೇ ಬಸ್ಸು. ಕೆ.ಆರ್.ಪೇಟೆಯಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣ, ಅಲ್ಲಿಂದ ವಾಪಸ್ಸು. ಕೆಲವು ದಿನ ಸಂತೆಬಾಚಹಳ್ಳಿಯ ಕಡೆಗೂ ಹಾಕುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದು ಕೋಳಿಯನ್ನೂ ಚಕ್ರಕ್ಕೆ ಕೊಡದ ಮನುಷ್ಯ. ಅದಕ್ಕಾಗಿ ಸಿಕ್ಕ ಬೆಳ್ಳಿ ಪದಕವನ್ನು ಪಾಲಹಳ್ಳಿಯ ತಮ್ಮ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ನೇತುಹಾಕಿದ್ದಾರೆ. ಅತ್ತಿಗೆ ಶುಕ್ರವಾರ ಅದಕ್ಕೂ ಒಂದು ಹೂವು ಮುಡಿಸುತ್ತಾರೆ.

“ಆ ಫೋನ್ನ ನೋಡಿ ನೋಡಿ ಕಣ್ ಕಳ್ಕತೀಯ ಕಣ್ಲಾ” ಎಂದು ನನಗೆ ದಿನಾ ಬೈಯುತ್ತಿದ್ದರು. ಬೈದ ಮೇಲೆ ಮರೆಯದೆ ಇನ್ನೊಂದು ಮಾತು: “ನಾಳೀಕೆ ರಜಾ ಗಿಜಾ ಆಕ್ಬುಟ್ಟೀಯ, ನೋಡ್ಕ.”

ಈ ರಜದ ಮಾತು ನನಗೆ ಬಹಳ ಇಷ್ಟವಾಗಿತ್ತು. ಡಿಪೋದಲ್ಲಿ ಬೇರೆ ಡ್ರೈವರುಗಳು ಕಂಡಕ್ಟರು ಬಂದರೂ ಸೈ, ಬರದಿದ್ದರೂ ಸೈ ಅನ್ನುವಂಥವರು. ನಮ್ಮ ಅಣ್ಣನಿಗೆ ನಾನೇ ಬೇಕು. ತಂಗಿಯ ಮಗಳ ಮದುವೆಗೆ ನಾನು ಎರಡು ದಿನ ರಜ ಹಾಕಿದರೆ, ಅವರೂ ಜ್ವರ ಎಂದು ಎರಡು ದಿನ ರಜ ಹಾಕಿದರು. ಮದುವೆಮನೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದನ್ನು ಹೇಳಿ ಎದೆ ಉಬ್ಬಿಸಿದ್ದೆ. ನಮ್ಮಿಬ್ಬರದು ಗಂಡಹೆಂಡಿರಿಗಿಂತ ಒಂದು ಕೈ ಹೆಚ್ಚು ಎಂದಿದ್ದೆ. ಹೆಂಡತಿ ಚಿವುಟಿದ್ದು ಹಣ್ಣಿನ ಆಟಕ್ಕೋ ಈ ಮಾತಿಗೋ ಈಗ ಅನುಮಾನ.

ಆ ವರ್ಷ ನಾನು ಮುಂದಿನ ಬಾಗಿಲ ಹತ್ತಿರ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಒಳಗೆ ಕಾಲಿಡಲು ಜಾಗವಿಲ್ಲ. ಬಾಗಿಲಲ್ಲಾದರೆ ಗಾಳಿ ಬರುತ್ತದೆ. ನಿಂತವನಿಗೆ ಬಾಯಿ ಸುಮ್ಮನಿರುತ್ತದೆಯೇ? ಎಡಕ್ಕೆ ಸ್ಕೂಟ್ರು ಅಣ್ಣ, ಎಡಕ್ಕೆ ಕಬ್ಬಿನ ಟ್ರಾಕ್ಟ್ರು ಅಣ್ಣ, ಮುದುಕಮ್ಮ ಕೈ ಅಡ್ಡ ಹಾಕ್ತಾವ್ಳೆ ಅಣ್ಣ ಎಂದು ವಟಗುಟ್ಟುತ್ತಲೇ ಇರುತ್ತಿದ್ದೆ. ಅವರು ಒಂದು ದಿನವೂ ‘ಬಾಯ್ಮುಚ್ಚು’ ಎನ್ನಲಿಲ್ಲ.

ವರ್ಷಕ್ಕೊಮ್ಮೆಯ ವೈದ್ಯಕೀಯ ಪರೀಕ್ಷೆ ಬಂತು. ಕಣ್ಣಿನ ಡಾಕ್ಟರು ಅಣ್ಣನ ಎದುರೇ ಹೇಳಿದರು: ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಒಣಗುತ್ತಿದೆ, ಎಡಮಗ್ಗುಲಿನ ನೋಟ ಬಹುಪಾಲು ಹೋಗಿದೆ, ಹೋದದ್ದು ವಾಪಸ್ ಬರುವುದಿಲ್ಲ. ಇರುವುದಾದರೂ ಉಳಿಯಬೇಕಾದರೆ ದಿನಾ ತಪ್ಪದೆ ಔಷಧಿ ಹನಿ ಹಾಕಿಕೊಳ್ಳಬೇಕು. ಅದೇ ದಿನ ಸ್ಟೀರಿಂಗ್ ಹೋಯಿತು. ಡಿಪೋದ ಗೇಟಿನಲ್ಲಿ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಹೋಯಿತು, ಬಂತು ಎಂದು ಬರೆಯುವ ಕೆಲಸ ಕೊಟ್ಟರು. ಡಿಪೋದ ಮಾತಿನಲ್ಲಿ ಇದಕ್ಕೆ ಲೈಟ್ ಡ್ಯೂಟಿ ಎನ್ನುತ್ತಾರೆ. ಮೂವತ್ತು ವರ್ಷ ಬಸ್ಸು ಎಳೆದವನಿಗೆ ಒಂದು ಪೆನ್ನು ಎಷ್ಟು ಭಾರ ಎಂಬುದು ಆ ಹೆಸರಿಟ್ಟವರಿಗೆ ಗೊತ್ತಿರಲಿಲ್ಲ.

ನಿವೃತ್ತಿಗೆ ಒಂದೂವರೆ ವರ್ಷ ಇತ್ತು. ಎರಡು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆಗೆ ಕೇಳಿಕೊಳ್ಳುವ ಅವಕಾಶವಿತ್ತು. ಅಣ್ಣ ಕೂಡಲೇ ಅರ್ಜಿ ಬರೆದುಕೊಟ್ಟರು. ಡಾಕ್ಟರು ಕೊಟ್ಟ ಹನಿಯ ಬಾಟಲಿಯನ್ನು ಮಾತ್ರ ಫ್ರಿಜ್ಜಿನೊಳಗೆ ಬೆಣ್ಣೆಯ ಹಿಂದೆ ಇಟ್ಟರು, ಸೀಲು ಒಡೆಯಲಿಲ್ಲ. “ಅನಿ ಆಕ್ಕಂಡ್ರೆ ಕಣ್ ಓಗೈತೆ ಅಂತ ನಾನೇ ಒಪ್ಕಂಡಂಗಲ್ವಾ?” ಎಂದರು. ಅತ್ತಿಗೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಹಿರಿಯರಿಗೆ ಬುದ್ಧಿ ಹೇಳುವ ಧೈರ್ಯವನ್ನು ನಾನು ಪ್ರಯಾಣಿಕರ ಮೇಲೆ ಮಾತ್ರ ತೋರಿಸುವವನು.

ಅಣ್ಣನ ಮಗಳು ತಂದುಕೊಟ್ಟ ಟ್ಯಾಬು ಅವರ ಮನೆಯಲ್ಲಿತ್ತು. ಅದರಲ್ಲಿ ಬಸ್ಸು ಓಡಿಸುವ ಆಟ ಇದೆ ಎಂದು ಅವರಿಗೆ ಹೇಳಿದವನು ನಾನೇ. ಹೊತ್ತು ಹೋಗಲಿ ಎಂದು ಹೇಳಿದೆ. ನನ್ನ ಹಾಗೆ ಟೀ ಕುಡಿಯುವಷ್ಟು ಹೊತ್ತು ಆಡುತ್ತಾರೆ ಅಂದುಕೊಂಡಿದ್ದೆ. ಅದು ಯಾವುದೋ ದೇಶದ ಆಟ. ರಸ್ತೆಯ ಬೋರ್ಡುಗಳಲ್ಲಿ ಯಾವುದೋ ಊರಿನ ಹೆಸರು. ಆದರೆ ನಮ್ಮ ಕಡೆಯ ಯಾರೋ ಪುಣ್ಯಾತ್ಮರು ಅದರ ಬಸ್ಸಿಗೆ ನಮ್ಮ ಕೆಂಪು ಬಣ್ಣ ಬಳಿದು, ಹಣೆಗೆ ಕನ್ನಡ ಬೋರ್ಡು ಹಾಕಿ ಇಟ್ಟಿದ್ದರು. ಅದನ್ನೂ ಹುಡುಕಿ ಇಳಿಸಿಕೊಟ್ಟೆ.

ಮೊದಲ ಭಾನುವಾರ ಮಧ್ಯಾಹ್ನ ನಾನು ಪಾಲಹಳ್ಳಿಗೆ ಹೋದಾಗ ಅಣ್ಣ ಜಗಲಿಯಲ್ಲಿ ಖಾಕಿ ಷರ್ಟು ಹಾಕಿಕೊಂಡು ಕೂತಿದ್ದರು. ಟ್ಯಾಬಿನ ಮುಂದೆ ಒಂದು ನಿಂಬೆಹಣ್ಣು. ಹೊಸ ಗಾಡಿ ಎತ್ತುವಾಗ ಚಕ್ರದಡಿ ಇಡುವುದನ್ನು ಇಲ್ಲೂ ಬಿಡಲಿಲ್ಲ. ಚಕ್ರ ಎಲ್ಲಿದೆ ಎಂದು ತಿಳಿಯದೆ ಮುಂದಿಟ್ಟಿದ್ದರು. ಬಸ್ಸು ಸ್ಟಾರ್ಟ್ ಆಗಿ ಗುರುಗುಟ್ಟುತ್ತಿತ್ತು. ಹತ್ತು ನಿಮಿಷವಾದರೂ ಅಲುಗಲಿಲ್ಲ.

“ಯಾಕಣ್ಣ, ಓಗ್ತಾ ಇಲ್ವಾ?”

“ನೀನು ರೈಟ್ ಅಂದ್ರೆ ತಾನೆ ಓಗದು?”

ಆಟದಲ್ಲಿ ಕಂಡಕ್ಟರು ಇಲ್ಲ, ಟಿಕೆಟ್ಟು ತನ್ನಷ್ಟಕ್ಕೇ ಆಗುತ್ತದೆ ಎಂದು ವಿವರಿಸಿದೆ. ಅವರು ನನ್ನನ್ನು ಮರುಕದಿಂದ ನೋಡಿದರು. “ಕಂಡಕ್ಟ್ರು ರೈಟ್ ಅನ್ದೆ ಗಾಡಿ ತೆಗ್ದೋನು ಡ್ರೈವರ್ರೇನ್ಲಾ?” ಎಂದರು. ನಾನು ಅವರ ಎಡಗಡೆ ಕೂತು “ರೈಟ್ ರೈಟ್” ಎಂದೆ. ಬಸ್ಸು ಹೊರಟಿತು.

ಅವತ್ತಿನಿಂದ ಪ್ರತಿ ಭಾನುವಾರ, ರಜದ ದಿನ, ಕೆಲವು ಸಾಯಂಕಾಲ, ನಾನು ಇಲ್ಲದ ಊರಿನ ಇಲ್ಲದ ಬಸ್ಸಿಗೆ ಸಂಬಳವಿಲ್ಲದ ಕಂಡಕ್ಟರಾದೆ. ಆ ಪರದೇಶದ ರಸ್ತೆಗೆಲ್ಲ ಅಣ್ಣ ನಮ್ಮ ಹೆಸರು ಇಟ್ಟರು. ಮೊದಲ ತಿರುವು ಚಿನಕುರಳಿ. ಪೆಟ್ರೋಲ್ ಬಂಕಿನ ಸ್ಟಾಪು ಪಾಂಡವಪುರ. ಆಮೇಲೆ ರಸ್ತೆಯ ಪಕ್ಕಕ್ಕೆ ನೀಲಿ ಸಮುದ್ರ ಬಂದುಬಿಡುತ್ತಿತ್ತು. “ಈ ಸಾರ್ತಿ ಕನ್ನಂಬಾಡಿ ಕಟ್ಟೆ ಚೆನ್ನಾಗಿ ತುಂಬೈತೆ” ಎಂದು ಅದನ್ನೂ ಒಳಗೆ ಹಾಕಿಕೊಂಡರು. ದೂರದಲ್ಲಿ ಏನೋ ಒಂದು ಗುಮ್ಮಟ ಕಂಡರೆ, ಯಾವ ದೇವರದೋ ವಿಚಾರಿಸದೆ, ಸ್ಟೀರಿಂಗಿನಿಂದ ಕೈ ತೆಗೆದು ಎದೆಗೆ ಮುಟ್ಟಿಸುತ್ತಿದ್ದರು. ನಿಜವಾದ ಬಸ್ಸಿನಲ್ಲಿ ಮಾರಮ್ಮನ ಗುಡಿಯ ಮುಂದೆ ಹಾಗೆ ಮಾಡಿದರೆ ಮಾರಮ್ಮ ಅರ್ಧ ನಿಮಿಷ ಗಾಡಿ ನೋಡಿಕೊಳ್ಳುತ್ತಿದ್ದಳು. ಆಟದ ದೇವರಿಗೆ ಅಷ್ಟು ಅನುಭವ ಇರಲಿಲ್ಲ. ಬಸ್ಸು ಎರಡು ಸಲ ಸಮುದ್ರಕ್ಕೆ ಹೋಯಿತು.

ಆಗ ನನಗೆ ಆಟಗಾರರಲ್ಲಿ ಎರಡು ಜಾತಿ ಇರುವುದು ತಿಳಿಯಿತು. ನಾನು ಆಡುವುದು ಕೂತ ಜಾಗ ಮರೆಯುವುದಕ್ಕೆ. ಸ್ಟ್ಯಾಂಡಿನ ಗದ್ದಲ, ಮೇಲಿನವರ ಬೈಗುಳ, ಸಂಜೆ ಮನೆಗೆ ಒಯ್ಯಬೇಕಾದ ಸಾಮಾನಿನ ಪಟ್ಟಿ ಎಲ್ಲ ಇಪ್ಪತ್ತು ನಿಮಿಷ ಅಳಿಸಿಹೋಗುತ್ತವೆ. ಅಣ್ಣನಿಗೆ ಅದು ಆಟವೇ ಅಲ್ಲ, ಡ್ಯೂಟಿ. ಬಿದ್ದರೆ ಮೊದಲಿಂದ, ತಪ್ಪಿದರೆ ಮೊದಲಿಂದ, ಅಂಕ ಕಡಿಮೆಯಾದರೆ ಊಟ ಬಿಟ್ಟು ಮೊದಲಿಂದ. ನಾನು ಒಂದು ಲೆವೆಲ್ ಆಗದಿದ್ದರೆ ಆಟವನ್ನು ಬೈದು ಫೋನು ಜೇಬಿಗಿಡುವವನು. ಅವರು ತಮ್ಮನ್ನೇ ಬೈದುಕೊಂಡು ಮತ್ತೆ ಹಿಡಿಯುವವರು. ಅತ್ತಿಗೆ ಮುದ್ದೆ ಆರಿಹೋಯಿತೆಂದು ಕೂಗಿದರೆ, “ಗಾಡಿ ಸ್ಟ್ಯಾಂಡಿಗೆ ಓಗ್ಲಿ ತಡ್ಕಳ್ಳೆ” ಎನ್ನುತ್ತಿದ್ದರು.

ಒಂದೂವರೆ ತಿಂಗಳಲ್ಲಿ ಅಣ್ಣ ಆ ದಾರಿಗೆ ಐದಕ್ಕೆ ಐದು ನಕ್ಷತ್ರ ತೆಗೆದರು. ನಾನು ಎಂದಿನಂತೆ ಪಕ್ಕದಲ್ಲಿ ಕೂತು ವಟಗುಟ್ಟುತ್ತಿದ್ದೆ. ತೆರೆಯ ಮೇಲೆ ಪಟಾಕಿ ಹಾರಿತು. ಅಣ್ಣ ಅತ್ತಿಗೆಯನ್ನು ಕರೆದು ತೋರಿಸಿದರು. ಆಮೇಲೆ, “ಇದ್ರದ್ದು ಒಂದು ಫೋಟೋ ತಗೀಲಾ. ಡಾಕ್ಟ್ರಿಗೆ ತೋರುಸ್ಬೇಕು. ಐದು ಸ್ಟಾರ್ ತಗ್ದೋನ್ಗೆ ಕಣ್ ಕಾಣಲ್ಲ ಅಂತ ಎಂಗಂದಾರು?” ಎಂದರು.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವರ ಮುಖದಲ್ಲಿ ಸ್ಟೀರಿಂಗ್ ಹೋದಾಗಿನಿಂದ ಕಾಣದ ಬೆಳಕಿತ್ತು, ನನಗೂ ಒಳಗೊಳಗೇ ಅದು ಸಾಧ್ಯ ಅನಿಸಿತು. ಫೋಟೋ ತೆಗೆದೆ.

ಮರುಪರೀಕ್ಷೆಗೆ ಒಂದು ವಾರ ಇರುವಾಗ ಮತ್ತೆ ಹೋದೆ. ಇನ್ನೊಂದು ಸಲ ಐದು ನಕ್ಷತ್ರ ಬಂದರೆ ಡಾಕ್ಟರು ಅದೃಷ್ಟ ಎನ್ನಲಾರರು ಎಂದು ಅಣ್ಣನ ಲೆಕ್ಕ. ನಾನು ರೈಟ್ ಅಂದೆ. ಬಸ್ಸು ಹೊರಟಿತು. ಅವತ್ತು ಹಣ್ಣಿನ ಆಟದಲ್ಲಿ ಒಂದು ಲೆವೆಲ್ ನನ್ನನ್ನು ನಾಲ್ಕು ದಿನದಿಂದ ಸತಾಯಿಸುತ್ತಿತ್ತು. ಹೇಗೂ ದಾರಿ ಅಣ್ಣನಿಗೆ ಗೊತ್ತಲ್ಲ ಎಂದು ನಾನು ನನ್ನ ಫೋನು ತೆಗೆದೆ.

ಪೆಟ್ರೋಲ್ ಬಂಕಿನ ಹತ್ತಿರ ಎಡಗಡೆಯ ಸಂದಿಯಿಂದ ಒಂದು ಕೆಂಪು ಸ್ಕೂಟರು ಬರುತ್ತದೆ. ಯಾವತ್ತೂ ಬರುತ್ತದೆ. ಧಡ್ ಎಂದು ಸದ್ದಾಗಿ ತಲೆಯೆತ್ತಿದೆ. ಸ್ಕೂಟರು ಬಸ್ಸಿನ ಅಡಿಯಲ್ಲಿತ್ತು.

“ಎಲ್ಲಿಂದ ಬಂದ್ನಪ್ಪಾ ಇವ್ನು?” ಎಂದರು ಅಣ್ಣ. “ಇದನ್ನ ಇವತ್ತು ಒಸ್ದಾಗಿ ಬುಟ್ಟವ್ರೆ ಕಣ್ಲಾ ಕಂಪ್ನಿಯೋರು.”

ಹೊಸದಲ್ಲ. ಒಂದೂವರೆ ತಿಂಗಳಿಂದ ಪ್ರತಿಸಲ ಅಲ್ಲಿಗೆ ಬಂದಾಗ ನಾನು ‘ಎಡಕ್ಕೆ ಸ್ಕೂಟ್ರು ಅಣ್ಣ’ ಎಂದಿದ್ದೆ, ಅವರು ಬ್ರೇಕು ತುಳಿದಿದ್ದರು. ಆ ಸ್ಕೂಟರನ್ನು ಅವರು ಒಂದು ದಿನವೂ ನೋಡಿರಲಿಲ್ಲ. ಐದರಲ್ಲಿ ಎಷ್ಟು ನಕ್ಷತ್ರ ನನ್ನ ಬಾಯಿಯದು ಎಂದು ಆಗ ಗೊತ್ತಾಯಿತು. ಚಿನಕುರಳಿ, ಕಬ್ಬಿನ ಟ್ರಾಕ್ಟರು, ಕೈ ಅಡ್ಡ ಹಾಕಿದ ಮುದುಕಮ್ಮ, ಒಳಗೆ ನೂರು ಜನ, ಮುಂದಿನ ಬಾಗಿಲಲ್ಲಿ ಗಾಳಿಗೆ ನಿಂತ ನಾನು, ಎಲ್ಲ ನೆನಪಿಗೆ ಬಂತು.

ಅಣ್ಣ ಮೊದಲಿಂದ ಶುರುಮಾಡಿದರು. ನಾನು ಫೋನು ಜೇಬಿಗಿಟ್ಟೆ. ರೈಟ್ ಅಂದೆ, ಆಮೇಲೆ ಬಾಯಿ ಬಿಗಿಹಿಡಿದೆ. ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟ ಎಂದು ನನಗೆ ತಿಳಿದಿರಲಿಲ್ಲ. ಸ್ಕೂಟರು ಸಂದಿಯಿಂದ ಬಂತು. ಮತ್ತೆ ಧಡ್. ಆಟ ಒಂದಿಷ್ಟು ಅಂಕ ಕಳೆದು, ಮತ್ತೆ ಪ್ರಯತ್ನಿಸಿ ಎಂದಿತು. ಆಟದ ದೊಡ್ಡ ಗುಣ ಅದು. ಸತ್ತವನು ಎದ್ದು ಧೂಳು ಕೊಡವಿಕೊಂಡು ಅದೇ ಸಂದಿಯಲ್ಲಿ ನಮಗಾಗಿ ಕಾಯುತ್ತಾನೆ.

ಮೂರನೆಯ ಸಲ ಅಣ್ಣ ಬಂಕಿಗೆ ಮೊದಲೇ ವೇಗ ಇಳಿಸಿದರು. ಸಂದಿಯ ಮುಂದೆ ಬಸ್ಸು ನಿಲ್ಲಿಸಿದರು. ಕೆಂಪು ಸ್ಕೂಟರು ಬಂದು, ರಸ್ತೆ ದಾಟಿ, ಸುಖವಾಗಿ ಹೋಯಿತು. ಅಣ್ಣ ತೊಡೆ ತಟ್ಟಿದರು.

“ನೋಡ್ದಾ? ಎಲ್ಲಿ ಬತ್ತಾನೆ ಅಂತ ಗೊತ್ತಾದ್ ಮ್ಯಾಕೆ ನಂಗ್ಯಾಕ್ಲಾ ಕಣ್ಣು?”

ಇಂಥ ಆಟಗಾರರ ಜೀವವೇ ಇದು. ಸೋತು ಸೋತು ದಾರಿಯನ್ನು ಬಾಯಿಪಾಠ ಮಾಡುತ್ತಾರೆ, ಕೊನೆಗೆ ಕಣ್ಣು ಮುಚ್ಚಿದರೂ ಗೆಲ್ಲುತ್ತಾರೆ. ನಾನು ಒಂದು ಲೋಟ ನೀರು ಕುಡಿದೆ. ಹದಿಮೂರು ವರ್ಷದಲ್ಲಿ ಅವರಿಗೆ ಎದುರಾಡಿರಲಿಲ್ಲ.

“ಅಣ್ಣ,” ಎಂದೆ. “ನಮ್ ನಿಜ್ವಾದ್ ಚಿನಕುರಳಿ ತಿರ್ವಲ್ಲಿ ಸ್ಕೂಟ್ರು ದಿನಾ ಒಂದೇ ಜಾಗ್ದಲ್ಲಿ ಬತ್ತದಾ?”

ಬಸ್ಸು ಗುರುಗುಟ್ಟುತ್ತಾ ನಿಂತೇ ಇತ್ತು. ಜಗಲಿಯ ಎಡಗಡೆಯ ಗದ್ದೆಯಲ್ಲಿ ಯಾರೋ ನಾಟಿಯ ಸಸಿ ಕೀಳುತ್ತಿದ್ದರು; ಅಣ್ಣ ಅವರನ್ನು ನೋಡಬೇಕಾದರೆ ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಬೇಕಾಯಿತು. ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು.

“ಬಸ್ನಲ್ಲೂ ನೀನೇ ಏಳ್ತಿದ್ದಲ್ಲೋ” ಎಂದರು ಕೊನೆಗೆ. “ಗೊತ್ತಿತ್ತು ಕಣ್ಲಾ. ಅದ್ಕೇ ರಜಾ ಆಕ್ಬೇಡ ಅಂತಿದ್ದೆ.”

ಮದುವೆಮನೆಯಲ್ಲಿ ನಾನು ಎದೆ ಉಬ್ಬಿಸಿ ಹೇಳಿಕೊಂಡ ಜ್ವರ ಆ ಜಗಲಿಯ ಮೇಲೆ ನನಗೇ ಬಂದಂತಾಯಿತು. ಅವರ ಮೇಲೆ ಸಿಟ್ಟು ಬಂತು. ನೂರು ಜನರನ್ನು ಕೂರಿಸಿಕೊಂಡು ಆ ಮನುಷ್ಯ ನನ್ನ ವಟವಟದ ಮೇಲೆ ಗಾಡಿ ಓಡಿಸಿದ್ದರು. ಅದಕ್ಕಿಂತ ಹೆಚ್ಚು ಸಿಟ್ಟು ನನ್ನ ಮೇಲೆ ಬಂತು. ಗಾಳಿಗೆ ನಿಂತಿದ್ದೆ ಎಂಬುದು ಸುಳ್ಳು. ಅನುಮಾನ ನನಗೂ ಇತ್ತು. ಆದರೆ ಜಗತ್ತಿನಲ್ಲಿ ಒಬ್ಬರಿಗಾದರೂ ನಾನು ಇಷ್ಟು ಬೇಕಾದವನಾಗಿದ್ದು ಸುಖವಾಗಿತ್ತು, ಅದಕ್ಕೇ ಕೆದಕಿ ನೋಡಲಿಲ್ಲ.

ಅಣ್ಣ ಟ್ಯಾಬನ್ನು ಮಗುಚಿ ಇಟ್ಟರು. ಒಳಕ್ಕೆ ಕೂಗಿದರು. “ಲೇ, ಆ ಬೆಣ್ಣೆ ಇಂದ್ಗಡೆ ಬಾಟ್ಲಿ ಅದಲ್ಲ, ತಗಂಬಾ.”

ಅತ್ತಿಗೆ ಓಡಿಬಂದರು. ಅಣ್ಣ ತಲೆ ಹಿಂದಕ್ಕೆ ಹಾಕಿ ಕೂತರು. ಸೀಲು ಒಡೆದು ಹನಿ ಹಾಕುವಾಗ ಅತ್ತಿಗೆಯ ಗುರಿ ತಪ್ಪಿ ಮೊದಲನೆಯದು ಮೀಸೆಯ ಮೇಲೆ ಬಿತ್ತು. ಯಾರೂ ನಗಲಿಲ್ಲ. ಮಾರನೆಯ ದಿನ ಅಣ್ಣ ಡಿಪೋಗೆ ಹೋಗಿ ಮರುಪರೀಕ್ಷೆಯ ಅರ್ಜಿ ವಾಪಸ್ ತೆಗೆದುಕೊಂಡರು. ಐದು ನಕ್ಷತ್ರದ ಫೋಟೋ ನನ್ನ ಫೋನಿನಲ್ಲಿ ಇನ್ನೂ ಇದೆ.

ಈಗ ಭಾನುವಾರ ಸ್ಟೀರಿಂಗು ನನ್ನದು, ರೈಟು ಅವರದು. ಎರಡು ಕಣ್ಣೂ ನೆಟ್ಟಗಿರುವ ನಾನು ವಾರಕ್ಕೆ ಮೂರು ಸಲವಾದರೂ ಸ್ಕೂಟರಿಗೆ ಗುದ್ದುತ್ತೇನೆ. ಅಣ್ಣ ಕಿವಿಯಲ್ಲೇ ಗಾಡಿಯ ವೇಗ ಹಿಡಿದು ಬೈಯುತ್ತಾರೆ. ಸ್ಟಾಪಿಲ್ಲದ ಕಡೆಯಲ್ಲೂ “ಓಲ್ಡಾನ್, ಅಲ್ಲೊಬ್ಳು ಮುದ್ಕಮ್ಮ ಬತ್ತಾವ್ಳೆ” ಎನ್ನುತ್ತಾರೆ. ತೆರೆಯ ಮೇಲೆ ಯಾವ ಮುದುಕಮ್ಮನೂ ಇರುವುದಿಲ್ಲ. ಅಣ್ಣನ ಲೆಕ್ಕದಲ್ಲಿ ಅದು ಬೂಕನಕೆರೆ ಕಡೆಯ ನಮ್ಮ ಹಳೆಯ ಸ್ಟಾಪು. ನಿಲ್ಲಿಸಿದರೆ ಆಟ ಅಂಕ ಕಳೆಯುತ್ತದೆ. ಕಳೆಯಲಿ ಎಂದು ನಿಲ್ಲಿಸುತ್ತೇನೆ.

ನಿಜವಾದ ಬಸ್ಸಿಗೆ ಹೊಸ ಡ್ರೈವರು ಬಂದಿದ್ದಾರೆ. ಮೂವತ್ತರ ಆಸುಪಾಸು, ಕಡಿಮೆ ಮಾತು. ಮೊದಲ ಟ್ರಿಪ್ಪಿನಲ್ಲೇ ನಾನು ಹೋಗಿ ಮುಂದಿನ ಬಾಗಿಲಲ್ಲಿ ನಿಂತೆ. ಚಿನಕುರಳಿ ತಿರುವು ಬಂತು, ನನ್ನ ಬಾಯಿ ತನ್ನಷ್ಟಕ್ಕೆ ತಾನೇ “ಎಡಕ್ಕೆ ಸ್ಕೂಟ್ರು” ಎಂದಿತು.

“ಕಾಣ್ತಾ ಅದೆ ಬುಡಣ್ಣ” ಎಂದರು ಅವರು, ಕನ್ನಡಿಯಿಂದ ಕಣ್ಣು ತೆಗೆಯದೆ. “ನೀವು ಇಂದಕ್ಕೋಗಿ ಟಿಕೆಟ್ ಮಾಡಿ.”

ಹಿಂದಕ್ಕೆ ಹೋದೆ. ಸ್ಕೂಟರು ತನ್ನ ಪಾಡಿಗೆ ಹೋಯಿತು, ಬಸ್ಸೂ ಹೋಯಿತು. ನನಗೆ ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೂ ಪಾಂಡವಪುರದವರೆಗೆ ಟಿಕೆಟ್ ಟಿಕೆಟ್ ಎಂದು ಕೂಗಲು ಆಗಲಿಲ್ಲ.

ಭಾನುವಾರ ಇದನ್ನು ಅಣ್ಣನಿಗೆ ಹೇಳಿದೆ. ಅವರು ಆಗತಾನೇ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಅಲ್ಲಾಡಬೇಡಿ ಎಂದು ಅತ್ತಿಗೆ ಬೈಯುತ್ತಿದ್ದರೂ ಅವರ ಹೊಟ್ಟೆ ನಗುವಿಗೆ ಕುಲುಕಿತು, ಔಷಧಿ ಕೆನ್ನೆಯ ಮೇಲೆ ಇಳಿಯಿತು. ಆಮೇಲೆ ನಗು ನಿಂತಿತು. ಕಣ್ಣು ತೆರೆಯದೆ, ಕೈಯಿಂದ ತಡವಿ ನನ್ನ ಮೊಣಕಾಲು ಹುಡುಕಿ ಒಮ್ಮೆ ತಟ್ಟಿದರು.

“ನಿಂಗೂ ಲೈಟ್ ಡ್ಯೂಟಿ ಆಕ್ಬುಟ್ಟ ಅನ್ನು” ಎಂದರು.